ಕರ್ನಾಟಕದ ಜನವಸತಿ ಮತ್ತು ಪ್ರಾದೇಶಿಕ ರಾಜಕಾರಣ

ಜನ ಒಂದು ನೆಲದಲ್ಲಿ ಮನೆ ಹೂಡಿ ನೆಲೆನಿಂತ ಬಗೆಯನ್ನು ಜನವಸತಿ ವಿನ್ಯಾಸ ಎನ್ನುತ್ತಾರೆ. ಮನೆಗಳು ಗೋಡೆಗೆ ಗೋಡೆ ತಾಗಿ ಒಂದೆಡೆ ನಿಂತು, ಸುತ್ತ ಹೊಲಗದ್ದೆ ಹರಡಿದ್ದರೆ ಅದು ಗುಂಪುವಸತಿ. ಪ್ರತಿ ಮನೆಯೂ ತನ್ನ ಗದ್ದೆ ತೋಟದ ನಡುವೆ ಬಿಡಿಯಾಗಿದ್ದರೆ ಚದುರಿದ ವಸತಿ. ಜರ್ಮನಿಯ ಆಗಸ್ಟ್ ಮೈಟ್ಸೆನ್ 1895ರಲ್ಲಿ ಯುರೋಪಿನ ಊರುಗಳನ್ನು ಹೀಗೆ ನೆಲೆಯ ರೂಪದ ಮೇಲೆ ವಿಂಗಡಿಸಿದ. ಕರ್ನಾಟಕದಲ್ಲಿ ಈ ಎರಡೂ ರೂಪಗಳು ಘಟ್ಟದ ಒಂದೊಂದು ಬದಿಯಲ್ಲಿ ಅಕ್ಕಪಕ್ಕವೇ ಇವೆ. ಅವುಗಳ ಅಂಚಿನಲ್ಲಿ ಹಟ್ಟಿ, ತಾಂಡಾ, ಕೊಪ್ಪ, ಕ್ಯಾಂಪು ಎಂಬ ಮೂರನೆಯ ಬಗೆಯ ನೆಲೆಗಳೂ ಇವೆ.

ರಾಜ್ಯದ ಪ್ರಾದೇಶಿಕ ವ್ಯತ್ಯಾಸಗಳ ಮಾತು ಬಂದಾಗ ಸಾಮಾನ್ಯವಾಗಿ 1956ರ ನವೆಂಬರ್ 1ರಂದು ಒಂದಾದ ಐದು ಆಡಳಿತಗಳನ್ನು ನೆನೆಯಲಾಗುತ್ತದೆ: ಮೈಸೂರು, ಮುಂಬಯಿ ಪ್ರಾಂತ, ಹೈದರಾಬಾದು, ಮದ್ರಾಸು, ಕೊಡಗು. ಆ ವಿವರಣೆ ಸರಿ, ಆದರೆ ಅರ್ಧ. ಒಂದೇ ಮದ್ರಾಸು ಆಡಳಿತದಲ್ಲಿದ್ದ ಬಳ್ಳಾರಿಗೂ ದಕ್ಷಿಣ ಕನ್ನಡಕ್ಕೂ ರಾಜಕಾರಣದ ನಡೆಯಲ್ಲಿ ಹೋಲಿಕೆ ಕಡಿಮೆ. ಬೇರೆ ಬೇರೆ ಆಡಳಿತದಲ್ಲಿದ್ದ ತೀರ್ಥಹಳ್ಳಿಗೂ ಶಿರಸಿಗೂ ಹೋಲಿಕೆ ಹೆಚ್ಚು. ಆಡಳಿತದ ಗಡಿಗಳ ಕೆಳಗೆ ಅವುಗಳಿಗಿಂತ ಹಳೆಯ ಪದರವೊಂದಿದೆ. ಮನೆಗೂ ಮನೆಗೂ ನಡುವಿನ ದೂರವೇ ಆ ಪದರ.

ಮಳೆ, ದಾಳಿ, ಕಂದಾಯ

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ಚಳ್ಳಕೆರೆಯಲ್ಲಿ ಅದು 500 ಮಿ.ಮೀ. ಆಸುಪಾಸು. ಎಲ್ಲೆಲ್ಲೂ ನೀರಿರುವ ಕಡೆ ಮನೆ ಎಲ್ಲಿ ಬೇಕಾದರೂ ನಿಲ್ಲಬಹುದು. ನೀರು ಒಂದೇ ಕಡೆ ಸಿಗುವಲ್ಲಿ ಮನೆಗಳೂ ಅಲ್ಲೇ ಸೇರಬೇಕು. ಇದು ಮೊದಲ ಕಾರಣ.

ಎರಡನೆಯದು ಭಯ. ಬಯಲುಸೀಮೆಯ ಊರೂರಿನಲ್ಲಿ ನಿಂತಿರುವ ವೀರಗಲ್ಲುಗಳು ತುರುಗೋಳಿನಲ್ಲಿ ದನ ಬಿಡಿಸಿ ತರಲು ಹೋಗಿ ಸತ್ತವರನ್ನೂ ಊರಳಿವಿನಲ್ಲಿ ಊರು ಕಾಯುತ್ತ ಮಡಿದವರನ್ನೂ ಹೆಸರಿಸುತ್ತವೆ. ಸೈನ್ಯಗಳು ದಾಟಿ ಹೋಗುವ ಬಯಲಿನಲ್ಲಿ ಒಂಟಿಮನೆ ಬದುಕಿ ಉಳಿಯುವುದು ಕಷ್ಟ. ಕಾಡು, ಕಣಿವೆ, ಹೊಳೆಗಳೇ ಕೋಟೆಯಾಗಿದ್ದ ಮಲೆನಾಡಿನಲ್ಲಿ ಆ ಒತ್ತಡ ಅಷ್ಟಿರಲಿಲ್ಲ.

ಮೂರನೆಯದು ಕಂದಾಯ. ಬಯಲಿನ ಅರಸರು ಊರನ್ನೇ ಒಂದು ಘಟಕವೆಂದು ಹಿಡಿದು, ಗೌಡ ಶಾನುಭೋಗರ ಮೂಲಕ ತೆರಿಗೆ ಎತ್ತಿದರು. ಕರಾವಳಿಯಲ್ಲಿ ಲೆಕ್ಕ ನಡೆದದ್ದು ಊರಿನ ಮೇಲಲ್ಲ, ‘ವರ್ಗ’ ಎಂಬ ಹಿಡುವಳಿಯ ಮೇಲೆ. ವರ್ಗದಾರನೇ ಸರ್ಕಾರದ ಎದುರು ನಿಲ್ಲುವ ವ್ಯಕ್ತಿ. ಹೀಗೆ ಒಂದು ಕಡೆ ಸರ್ಕಾರ ಊರಿನೊಡನೆ ವ್ಯವಹರಿಸಿತು, ಇನ್ನೊಂದು ಕಡೆ ಮನೆಯೊಡನೆ. ಮುಂದಿನ ಅನೇಕ ಬೆಳವಣಿಗೆಗಳ ಬೇರು ಇಲ್ಲಿದೆ.

ಕೆರೆಯ ಕೆಳಗಿನ ಊರು

ದಕ್ಷಿಣ ಬಯಲಿನ ಊರು ಕೆರೆಯಿಂದ ಹುಟ್ಟಿದ್ದು. ರಾಜ್ಯದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆ ಎಂಬುದು ರೂಢಿಯ ಲೆಕ್ಕ. ನಿತ್ಯ ಹರಿಯುವ ಹೊಳೆಯಿಲ್ಲದ ಕೋಲಾರದಂಥ ಕಡೆ ಅವು ದಟ್ಟವಾಗಿವೆ. ಕೆರೆ ಎಂದರೆ ನೀರು ಮಾತ್ರವಲ್ಲ, ನೀರನ್ನು ಹಂಚುವ ಕಟ್ಟುಪಾಡು ಕೂಡ. ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಲ್ಲವೂ ಸಾಮೂಹಿಕ. ಕೆರೆ ಕಟ್ಟಿಸಿದವರಿಗೂ ಕಾಪಾಡುವವರಿಗೂ ಕೊಟ್ಟ ಕಟ್ಟುಕೊಡಗೆ, ಕೆರೆಗೊಡಗೆಗಳ ಮಾತು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ನೋಡಿಕೊಳ್ಳಲು ನೀರುಗಂಟಿ ಇದ್ದ. ಗೌಡ, ಶಾನುಭೋಗ, ತಳವಾರ, ತೋಟಿ, ಬಡಗಿ, ಕಮ್ಮಾರ, ಅಗಸ, ನಾಯಿಂದ ಇವರೊಡನೆ ಅವನೂ ಹನ್ನೆರಡು ಆಯಗಾರರ ಸಾಲಿಗೆ ಸೇರಿ, ಕಣದಲ್ಲಿ ರಾಶಿಯಿಂದ ತನ್ನ ಆಯ ಪಡೆಯುತ್ತಿದ್ದ.

ಇಂಥ ಊರಿನಲ್ಲಿ ಯಾರೂ ಒಬ್ಬಂಟಿಯಾಗಿ ಬೇಸಾಯ ಮಾಡಲಾರರು. ಅಲ್ಲಿನ ಮಾರಿಹಬ್ಬಕ್ಕೆ ಮನೆಮನೆಯಿಂದ ವಂತಿಗೆ ಎತ್ತಲಾಗುತ್ತದೆ. ಊರ ಹಿರಿಯರು ಅರಳಿಕಟ್ಟೆಯ ಮೇಲೆ ಕೂತು ನ್ಯಾಯ ಹೇಳುತ್ತಾರೆ. ತಪ್ಪಿತಸ್ಥನಿಗೆ ಕೊಡುವ ಅತಿ ದೊಡ್ಡ ಶಿಕ್ಷೆ ಬಹಿಷ್ಕಾರ. ಬಹಿಷ್ಕಾರ ಭಯಂಕರವಾಗುವುದು ಬಾವಿ, ಕೆರೆ, ದಾರಿ ಮೂರೂ ಊರಿನದಾಗಿರುವಲ್ಲಿ. ಈ ಒಗ್ಗಟ್ಟಿನ ಇನ್ನೊಂದು ಮುಖವನ್ನು ಮರೆತು ಹಳ್ಳಿಯ ಸಾಮರಸ್ಯದ ಬಗ್ಗೆ ಬರೆಯುವುದು ಅನ್ಯಾಯ. ಹೊಲಗೇರಿ, ಮಾದಿಗರ ಕೇರಿಗಳು ಊರಿಗೆ ಸೇರಿಯೂ ಊರಿನ ಆಚೆ ನಿಂತವು. ದಲಿತರ ದುಡಿಮೆ ಅಚ್ಚುಕಟ್ಟಿನೊಳಗೆ ಬೇಕಿತ್ತು, ಅವರ ಮನೆ ಬೇಡವಾಗಿತ್ತು. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿ, ಕುಡಿಯುವ ನೀರು, ದೇವಸ್ಥಾನ ಪ್ರವೇಶ, ಸರ್ಕಾರಿ ಭೂಮಿಯ ಹಕ್ಕುಗಳನ್ನು ಮುಂದಿಟ್ಟು ಹೋರಾಡಿದಾಗ ಈ ಊರು–ಕೇರಿ ಗೆರೆಯೇ ಅದರ ರಣರಂಗವಾಯಿತು.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಬಳಿಯ ಹಳ್ಳಿಯೊಂದರಲ್ಲಿ ನಿಂತು ಕ್ಷೇತ್ರಕಾರ್ಯ ನಡೆಸಿ, ಅದಕ್ಕೆ ರಾಂಪುರ ಎಂಬ ಹೆಸರಿಟ್ಟು ಬರೆದರು. ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆಯನ್ನು ಅವರು ವಿವರವಾಗಿ ಬೆಳೆಸಿದ್ದು 1959ರಲ್ಲಿ, ಇದೇ ಊರಿನ ಅನುಭವದ ಮೇಲೆ. ಭೂಮಿ, ಸಂಖ್ಯೆ, ಸ್ಥಾನಮಾನ ಒಂದೇ ಗುಂಪಿನ ಕೈಯಲ್ಲಿ ಕೂಡಿದಾಗ ಆ ಗುಂಪಿನ ಹಿರಿಯರ ಮಾತು ಊರಿನ ಮಾತಾಗುತ್ತದೆ ಎಂಬುದು ಅದರ ತಿರುಳು. ‘ವೋಟ್ ಬ್ಯಾಂಕ್’ ಎಂಬ ಪದವನ್ನೂ ಅವರೇ 1955ರಲ್ಲಿ ಬಳಕೆಗೆ ತಂದರು. ಇಡೀ ದೇಶದ ಪತ್ರಿಕೆಗಳು ಇಂದು ದಿನವೂ ಬಳಸುವ ಈ ಮಾತು ಮೈಸೂರಿನ ಒಂದು ಗುಂಪೂರಿನಲ್ಲಿ ಹುಟ್ಟಿದ್ದು ಆಕಸ್ಮಿಕವಲ್ಲ. ಯಜಮಾನನೊಬ್ಬ ಊರಿನ ಮತವನ್ನು ಒಟ್ಟಿಗೆ ಕೊಡಿಸಬೇಕಾದರೆ ಮೊದಲು ಊರು ಒಟ್ಟಿಗೆ ಇರಬೇಕು. ಮಂಡ್ಯ, ಹಾಸನ, ರಾಮನಗರಗಳಲ್ಲಿ ಒಕ್ಕಲಿಗ ನಾಯಕತ್ವ ಪಕ್ಷ ಬದಲಾದರೂ ಬಹುಕಾಲ ಬಲ ಕಳೆದುಕೊಳ್ಳದಿರುವುದರಲ್ಲಿ ಈ ಕಟ್ಟಿನ ಪಾಲು ದೊಡ್ಡದು.

ಕಾವೇರಿ ನೀರು ಈ ಕಟ್ಟನ್ನು ಸಡಿಲಿಸಲಿಲ್ಲ, ಬಿಗಿಗೊಳಿಸಿತು. ಕನ್ನಂಬಾಡಿಯ ಅಣೆಕಟ್ಟು ಮುಗಿದು ವಿಶ್ವೇಶ್ವರಯ್ಯ ನಾಲೆ ಹರಿದ ಮೇಲೆ ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಆರಂಭವಾಯಿತು. 1950ರ ದಶಕದಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ಅಲ್ಲಿನ ಎರಡು ಹಳ್ಳಿಗಳನ್ನು ಹೋಲಿಸಿ 1962ರಲ್ಲಿ ಪುಸ್ತಕ ಪ್ರಕಟಿಸಿದರು. ಹಳ್ಳಿಗಳಿಗೆ ಅವರಿಟ್ಟ ಹೆಸರು ವಂಗಲ, ದಲೇನ. ವಂಗಲಕ್ಕೆ ನಾಲೆಯ ನೀರು ಬಂತು. ಕಬ್ಬು ಬೆಳೆದು ಹಣ ಬಂದರೂ ಒಕ್ಕಲಿಗ–ದಲಿತ ಸಂಬಂಧ, ವಂಶಪಾರಂಪರ್ಯ ಆಳುತನ, ಊರ ಪಂಚಾಯಿತಿ ಹಾಗೇ ಉಳಿದವು. ಎತ್ತರದಲ್ಲಿದ್ದ ದಲೇನ ಒಣಗಿಯೇ ಉಳಿಯಿತು. ಅಲ್ಲಿನವರು ಮಂಡ್ಯದ ಕಾರ್ಖಾನೆಗೆ, ಕಬ್ಬಿನ ಗಾಡಿಗೆ, ವ್ಯಾಪಾರಕ್ಕೆ, ಬೇರೆ ಊರಿನ ಜಮೀನಿಗೆ ಕೈಹಾಕಿದರು. ಊರೊಳಗಿನ ಹಳೆಯ ಬಂಧಗಳು ಅಲ್ಲೇ ಬೇಗ ಕಳಚಿದವು. ನೀರು ಬಂದರೆ ಸಮಾಜ ತಾನೇ ಬದಲಾಗುತ್ತದೆ ಎಂಬ ನಂಬಿಕೆಗೆ ಇದಕ್ಕಿಂತ ಗಟ್ಟಿಯಾದ ತಿದ್ದುಪಡಿ ಸಿಗುವುದು ಅಪರೂಪ. ಕಾವೇರಿ ವಿವಾದ ಎದ್ದಾಗಲೆಲ್ಲ ಮಂಡ್ಯ ಸೀಮೆ ಕೆಲವೇ ಗಂಟೆಗಳಲ್ಲಿ ರಸ್ತೆಗಿಳಿಯುವುದಕ್ಕೆ ನಾಲೆಯುದ್ದಕ್ಕೂ ಸಾಲಾಗಿ ನಿಂತ ಗುಂಪೂರುಗಳೇ ಆಧಾರ.

ಅಗಸಿ, ಹುಡೇವು, ವಾಡೆ

ಉತ್ತರದ ಎರೆಭೂಮಿಯ ಊರುಗಳು ಇನ್ನೂ ದೊಡ್ಡವು, ಇನ್ನೂ ಒತ್ತೊತ್ತು. ಕಪ್ಪುಮಣ್ಣು ಮಳೆಗಾಲದಲ್ಲಿ ಕೆಸರಾಗಿ ಬೇಸಿಗೆಯಲ್ಲಿ ಬಿರಿಯುತ್ತದೆ. ಗಟ್ಟಿಯಾದ ದಿನ್ನೆಯೊಂದರ ಮೇಲೆ ಊರು ಕೂತು, ಜನ ಮೈಲುಗಟ್ಟಲೆ ನಡೆದು ಹೊಲಕ್ಕೆ ಹೋಗುವುದು ಇಲ್ಲಿನ ರೂಢಿ. ಊರಿಗೊಂದು ಅಗಸಿ ಬಾಗಿಲು, ಕಾವಲಿಗೆ ಹುಡೇವು, ನಡುವೆ ದೇಸಾಯಿಯದೋ ಗೌಡರದೋ ವಾಡೆ. ಪಟ್ಟಣಶೆಟ್ಟಿ, ಹೊಸಮನಿ, ಬಡಿಗೇರ, ಕುಲಕರ್ಣಿ, ತಳವಾರ ಎಂಬ ಅಡ್ಡಹೆಸರುಗಳು ಇಂದಿಗೂ ಊರಿನೊಳಗೆ ಆ ಮನೆತನದ ಜಾಗ ಯಾವುದಿತ್ತೆಂದು ಹೇಳುತ್ತವೆ. ಹಳೆ ಮೈಸೂರಿನವರು ಹೆಸರಿನ ಮುಂದೆ ಊರಿನ ಮೊದಲಕ್ಷರ ಇಟ್ಟುಕೊಳ್ಳುತ್ತಾರೆ, ಕೊಡವರು ಒಕ್ಕದ, ಅಂದರೆ ಮನೆತನದ, ಹೆಸರನ್ನು. ಮನುಷ್ಯ ತನ್ನನ್ನು ಯಾವುದಕ್ಕೆ ಸೇರಿದವನೆಂದು ಭಾವಿಸುತ್ತಾನೆ ಎಂಬುದರ ದಾಖಲೆ ಇದು.

ಹನ್ನೆರಡನೆಯ ಶತಮಾನದ ಶರಣ ಚಳವಳಿ ಕಲ್ಯಾಣದ ಸುತ್ತಿನ ಇದೇ ಬಯಲಿನಲ್ಲಿ ಹರಡಿತು. ನಂತರದ ಶತಮಾನಗಳಲ್ಲಿ ಮಠಗಳು ಊರೂರನ್ನು ಹೆಣೆದವು. ಮಠಕ್ಕೆ ಭಕ್ತರು ಬಿಡಿಬಿಡಿಯಾಗಿ ಮಾತ್ರವಲ್ಲ, ಊರಾಗಿಯೂ ನಡೆದುಕೊಳ್ಳುತ್ತಾರೆ. ಜಾತ್ರೆಯ ತೇರಿಗೆ ಇಂಥ ಊರಿನಿಂದ ಹಗ್ಗ, ಇಂಥ ಊರಿನಿಂದ ಕಳಸ ಎಂಬ ಕಟ್ಟಳೆಗಳಿವೆ. ಶಾಲೆ, ವಸತಿನಿಲಯ, ಸಹಕಾರ ಸಂಘಗಳು ಈ ಜಾಲದ ಮೇಲೆಯೇ ಬೆಳೆದವು. ಗದಗದ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಆರಂಭವಾದ ಕೃಷಿ ಪತ್ತಿನ ಸಹಕಾರ ಸಂಘ ದೇಶದ ಅತಿ ಮೊದಲಿನವುಗಳಲ್ಲಿ ಒಂದು, ಬೆಳಗಾವಿಯ ಕೆ.ಎಲ್.ಇ. ಸಂಸ್ಥೆ 1916ರದು. ಏಕೀಕರಣದಿಂದ ಲಿಂಗಾಯತರು ರಾಜ್ಯದ ರಾಜಕಾರಣದಲ್ಲಿ ಮುಂದಾಗುತ್ತಾರೆ ಎಂಬ ಅಳುಕು ಹಳೆ ಮೈಸೂರಿನ ಹಲವು ನಾಯಕರಲ್ಲಿ ಇತ್ತು. ಮೈಸೂರಿನ ಮುಖ್ಯಮಂತ್ರಿಯಾಗಿದ್ದ ಕೆಂಗಲ್ ಹನುಮಂತಯ್ಯನವರು ಅದನ್ನು ಮೀರಿ ಏಕೀಕರಣದ ಪರ ನಿಂತರು. 1956ರಿಂದ 1971ರವರೆಗೆ ಮುಖ್ಯಮಂತ್ರಿಗಳಾದ ನಿಜಲಿಂಗಪ್ಪ, ಬಿ.ಡಿ. ಜತ್ತಿ, ಎಸ್.ಆರ್. ಕಂಠಿ, ವೀರೇಂದ್ರ ಪಾಟೀಲರೆಲ್ಲರೂ ಲಿಂಗಾಯತರೇ.

ಈ ಊರುಗಳ ಒಗ್ಗಟ್ಟು ಸರ್ಕಾರದ ವಿರುದ್ಧವೂ ತಿರುಗಬಲ್ಲದು ಎಂಬುದು 1980ರ ಜುಲೈ 21ರಂದು ಗೊತ್ತಾಯಿತು. ಮಲಪ್ರಭಾ ನಾಲೆಯ ನೀರು ಸರಿಯಾಗಿ ತಲುಪದಿದ್ದರೂ ಅಭಿವೃದ್ಧಿ ಕರ ವಸೂಲಿಗೆ ಇಳಿದ ಸರ್ಕಾರದ ವಿರುದ್ಧ ನರಗುಂದ, ನವಲಗುಂದಗಳಲ್ಲಿ ಎದ್ದ ರೈತರ ಮೇಲೆ ಗೋಲಿಬಾರ್ ನಡೆಯಿತು. ಅದರ ಬಿಸಿಯಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ರೂಪುಗೊಂಡಿತು; 1983ರಲ್ಲಿ ರಾಜ್ಯದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಅನುಮತಿಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದು ಎಂಬ ಫಲಕಗಳನ್ನು ರೈತ ಸಂಘ ಹಳ್ಳಿಗಳ ಬಾಗಿಲಲ್ಲಿ ನೆಟ್ಟಿತು. ಅಂಥ ಫಲಕಕ್ಕೆ ಅರ್ಥ ಬರುವುದು ಒಳಗೆ ಬರುವ ದಾರಿ ಒಂದೇ ಇರುವ, ಅಲ್ಲಿ ನಿಂತು ತಡೆಯಲು ಜನ ಸೇರುವ ಊರಿನಲ್ಲಿ. ರೈತ ಸಂಘ ಬಯಲುಸೀಮೆಯಲ್ಲಿ ಬೇರೂರಿದಷ್ಟು ಕರಾವಳಿಯಲ್ಲಿ ಬೇರೂರದಿದ್ದುದಕ್ಕೆ ಇರುವ ಕಾರಣಗಳಲ್ಲಿ ಇದನ್ನೂ ಸೇರಿಸಬೇಕು.

ನಿಜಾಮರ ಆಡಳಿತದಲ್ಲಿದ್ದ ಕಲಬುರಗಿ, ರಾಯಚೂರು, ಬೀದರಗಳಲ್ಲಿಯೂ ಊರಿನ ರೂಪ ಇದೇ. ಆದರೆ ಜಾಗೀರುಗಳ ಹಿಡಿತ ಅಲ್ಲಿ ಊರಿನ ಸಂಸ್ಥೆಗಳನ್ನು ಬೆಳೆಯಲು ಬಿಡಲಿಲ್ಲ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದಲ್ಲೇ ಇದ್ದವು. ಈ ಸೀಮೆಗೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದದ್ದು ಆ ನೋವಿನ ಹಿನ್ನೆಲೆಯಲ್ಲಿ. ವಸತಿಯ ರೂಪವೊಂದೇ ಎಲ್ಲವನ್ನೂ ನಿರ್ಧರಿಸದು ಎಂಬುದಕ್ಕೆ ಈ ಸೀಮೆಯೇ ಸಾಕ್ಷಿ.

ಒಂಟಿಮನೆಗಳ ನಾಡು

ಘಟ್ಟ ಇಳಿದರೆ ಊರು ಕಾಣಿಸುವುದಿಲ್ಲ, ಮನೆಗಳು ಕಾಣಿಸುತ್ತವೆ. ತುಳುನಾಡಿನಲ್ಲಿ ಗದ್ದೆಯನ್ನು ಬೈಲು, ಮಜಲು, ಬೆಟ್ಟು ಎಂದು ನೀರಿನ ಲಭ್ಯತೆಯ ಮೇಲೆ ವಿಂಗಡಿಸುತ್ತಾರೆ. ಮನೆ ಅದರ ಅಂಚಿನ ಎತ್ತರದಲ್ಲಿ, ಮನೆಗೊಂದು ಬಾವಿ, ಹಿಂದೆ ಗುಡ್ಡ. ವರ್ಗದ ಅಂಚಿನಿಂದ ನೂರು ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಹುಲ್ಲಿಗೆ ಕುಮ್ಕಿ ಹಕ್ಕು. ಇಲ್ಲಿ ‘ಗ್ರಾಮ’ ಎಂಬುದು ಬಹುಮಟ್ಟಿಗೆ ಕಂದಾಯ ಕಡತದ ಸೃಷ್ಟಿ. ಜನರ ಬದುಕನ್ನು ಬೆಸೆದದ್ದು ಗುತ್ತು, ಬೀಡು, ಬರ್ಕೆ ಎಂಬ ಪ್ರತಿಷ್ಠಿತ ಮನೆಗಳೂ ಆ ಮನೆಗಳಿಗೆ ಸೇರಿದ ದೈವಗಳೂ. ಅಳಿಯಸಂತಾನದ ಕಟ್ಟಿನಲ್ಲಿ ಬಂಟ ಮನೆತನಗಳ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಉಳಿಯಿತು. ನೇಮದ ದಿನ ದೈವದ ಎದುರು ಯಾವ ಮನೆಗೆ ಯಾವ ಸಾಲಿನಲ್ಲಿ ಬೂಳ್ಯ, ಅಂದರೆ ದೈವದ ಪ್ರಸಾದ, ಎಂಬುದು ಇಡೀ ಸೀಮೆಯ ಸಾಮಾಜಿಕ ನಕ್ಷೆ. ಬಯಲಿನ ಅರಳಿಕಟ್ಟೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ದೈವದ ನುಡಿ ಮಾಡುತ್ತಿತ್ತು: ವ್ಯಾಜ್ಯ ತೀರಿಸುವುದು, ಅಪರಾಧಿಯನ್ನು ಕರೆಸುವುದು, ಬಲ್ಲಿದನನ್ನೂ ತಲೆಬಾಗಿಸುವುದು.

ಕಲೆಯಲ್ಲಿಯೂ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಬಯಲುಸೀಮೆಯ ದೊಡ್ಡಾಟವನ್ನು ಊರಿನವರೇ ತಿಂಗಳುಗಟ್ಟಲೆ ಕಲಿತು, ಊರಿನ ವಂತಿಗೆಯಿಂದ ಆಡುತ್ತಾರೆ. ಕರಾವಳಿಯ ಯಕ್ಷಗಾನದಲ್ಲಿ ಕಟೀಲು, ಧರ್ಮಸ್ಥಳ, ಮಂದಾರ್ತಿಗಳಂಥ ಕ್ಷೇತ್ರದ ಮೇಳಗಳು ಊರಿಂದೂರಿಗೆ ತಿರುಗುತ್ತವೆ. ಒಂದು ಮನೆಯವರು ಹರಕೆ ಹೊತ್ತು ಕೊಯ್ಲಾದ ತಮ್ಮ ಗದ್ದೆಯಲ್ಲಿ ಆಟ ಆಡಿಸುತ್ತಾರೆ. ಆತಿಥ್ಯ ಒಂದು ಮನೆಯದು, ಪ್ರೇಕ್ಷಕರು ನಾಲ್ಕೂ ದಿಕ್ಕಿನವರು. ಮೇಳಗಳು ಇಷ್ಟು ವ್ಯವಸ್ಥಿತವಾಗಿ ವೃತ್ತಿಪರವಾಗಿ ಉಳಿದದ್ದಕ್ಕೆ ಈ ಚದುರಿದ ಆದರೆ ಗಟ್ಟಿಯಾದ ಆಶ್ರಯವೇ ಕಾರಣ ಎಂದು ಹೇಳಬೇಕಾಗುತ್ತದೆ. ಬ್ಯಾಂಕಿಂಗ್ ಕೂಡ ಇದೇ ನೆಲದ ಬೆಳೆ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕೂ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕೂ ಹುಟ್ಟಿದವು; 1925ರಲ್ಲಿ ಉಡುಪಿಯಲ್ಲಿ ಆರಂಭವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ತಂದು, ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಸಂಗ್ರಹಿಸಿತು. ಬೀಡಿ ಉದ್ಯಮವೂ ಹಾಗೆಯೇ ಮನೆಯ ಜಗಲಿಯಲ್ಲಿ ನಡೆಯಿತು; ಎಲೆ, ಹೊಗೆಸೊಪ್ಪು ತಂದು ಬೀಡಿ ಕಟ್ಟಿ ಒಪ್ಪಿಸಿದ ಹೆಂಗಸರ ಕೂಲಿಯಿಂದ ಸಾವಿರಾರು ಒಂಟಿಮನೆಗಳ ಮಕ್ಕಳು ಓದಿದರು.

ಇಲ್ಲಿನ ಶೋಷಣೆಗೂ ತನ್ನದೇ ರೂಪವಿತ್ತು. ಬಯಲಿನಲ್ಲಿ ಅದು ಊರು–ಕೇರಿ ಗೆರೆಯಾಗಿ ಕಂಡರೆ, ಇಲ್ಲಿ ಧಣಿ–ಒಕ್ಕಲು ಸಂಬಂಧವಾಗಿ ಕಾಣುತ್ತದೆ. ಚಾಲಗೇಣಿಯ ಒಕ್ಕಲಿಗೆ ಭೂಮಿಯೂ ಮನೆಯೂ ಒಂದೇ ಧಣಿಯ ಕೈಯಲ್ಲಿ; ಗೇಣಿ ತಪ್ಪಿದರೆ ಎರಡೂ ಹೋಗುತ್ತಿದ್ದವು. ನೆರೆಮನೆ ಕೂಗಳತೆಯ ಆಚೆ ಇರುವಲ್ಲಿ ಒಕ್ಕಲುಗಳು ಒಗ್ಗೂಡುವುದು ಎಷ್ಟು ಕಷ್ಟ ಎಂಬುದನ್ನು ನೆನೆದರೆ, 1951ರ ಕಾಗೋಡು ಸತ್ಯಾಗ್ರಹದ ದೊಡ್ಡತನ ಅರ್ಥವಾಗುತ್ತದೆ. ಘಟ್ಟದ ಮೇಲಿನ ಸಾಗರ ಸೀಮೆಯ ದೀವರ ಒಕ್ಕಲುಗಳು ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಗೇಣಿದಾರರ ಹಕ್ಕಿಗಾಗಿ ಎದ್ದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಶಾಂತವೇರಿ ಗೋಪಾಲಗೌಡರು 1952ರಲ್ಲಿ ಶಾಸನಸಭೆಗೆ ಹೋದದ್ದು ಆ ಹೋರಾಟದ ಬೆನ್ನಲ್ಲೇ. ದೇವರಾಜ ಅರಸರ ಸರ್ಕಾರದ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಯಾದಾಗ ಅದರ ಫಲ ಗೇಣಿ ಪದ್ಧತಿ ದಟ್ಟವಾಗಿದ್ದ ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗಗಳಲ್ಲಿ ಎದ್ದು ಕಂಡಿತು. ಸ್ವಂತ ಬೇಸಾಯದ ಹಿಡುವಳಿಗಳೇ ಹೆಚ್ಚಾಗಿದ್ದ ಬಯಲಿನಲ್ಲಿ ಅಷ್ಟು ಆಳದ ಬದಲಾವಣೆ ಆಗಲಿಲ್ಲ. ಈ ಕಾಯ್ದೆ ಕರಾವಳಿಯ ಮನೆ–ಮನೆ ಸಂಬಂಧವನ್ನೇ ಕಡಿದು ಹೊಸದಾಗಿ ಜೋಡಿಸಿತು. ಬಿಲ್ಲವ, ಕುಲಾಲ, ಗೌಡ ಒಕ್ಕಲುಗಳು ಭೂಮಾಲೀಕರಾದರು. ಗುತ್ತಿನ ಮನೆಗಳ ಮಕ್ಕಳು ಮುಂಬಯಿಯ ಹೋಟೆಲುಗಳತ್ತ, ಮುಂದೆ ಕೊಲ್ಲಿ ದೇಶಗಳತ್ತ ಹೋದರು.

ಊರಿನ ಯಜಮಾನನಿಲ್ಲದ ಕಡೆ ರಾಜಕೀಯ ಸಂಘಟನೆ ಬೇರೆ ದಾರಿ ಹಿಡಿಯುತ್ತದೆ. ಜಾತಿ ಸಂಘ, ಯುವಕ ಮಂಡಲ, ಭಜನಾ ಮಂದಿರ, ಕಾರ್ಮಿಕ ಸಂಘ, ಚರ್ಚು, ಜಮಾತುಗಳು ಇಲ್ಲಿ ಊರಿನ ಜಾಗವನ್ನು ತುಂಬಿದವು. ಹೆಂಚು, ಗೇರುಬೀಜ, ಬೀಡಿ ಕಾರ್ಮಿಕರ ನಡುವೆ ಕಮ್ಯುನಿಸ್ಟರು ಬೆಳೆದದ್ದೂ, 1968ರಷ್ಟು ಹಿಂದೆಯೇ ಉಡುಪಿ ಪುರಸಭೆ ಜನಸಂಘದ ಕೈಗೆ ಬಂದದ್ದೂ ಇಂಥ ಸಂಘಟನೆಗಳ ಬಲದಿಂದ. ವಿಚಾರಧಾರೆಯ ರಾಜಕಾರಣ ರಾಜ್ಯದ ಉಳಿದ ಕಡೆಗಿಂತ ಮೊದಲು ಕರಾವಳಿಯಲ್ಲಿ ನೆಲೆ ಕಂಡಿತು. ಅದರ ಒಳಿತೂ ಕೆಡುಕೂ ಎರಡನ್ನೂ ಆ ನಾಡು ಉಂಡಿದೆ. ಗೋವೆಯಿಂದ ಬಂದ ಸಾರಸ್ವತರು, ಕ್ಯಾಥೊಲಿಕರು, ಅರಬ್ಬೀ ಕಡಲ ವ್ಯಾಪಾರದೊಡನೆ ಬೆಳೆದ ನವಾಯತರು, ಬ್ಯಾರಿಗಳು ಶತಮಾನಗಳ ಕಾಲ ತಂತಮ್ಮ ಕಸುಬಿನೊಡನೆ ಒಂದೇ ಪೇಟೆಯ ಸುತ್ತ ಬದುಕಿದ್ದರು. ಆ ಪೇಟೆಯ ಕೊಡುಕೊಳೆಯೇ ಅವರನ್ನು ಬೆಸೆದ ಸೇತುವೆ. ಅದು ಸಡಿಲವಾದಾಗ ಅವರನ್ನು ಹಿಡಿದಿಡಲು ಬಯಲಿನಂತೆ ಹಂಚಿಕೊಂಡ ಊರು ಎಂಬುದು ಇರಲಿಲ್ಲ. ಕಳೆದ ಮೂರು ದಶಕಗಳ ಕೋಮು ಕಲಹಗಳನ್ನು ಬರಿಯ ಚುನಾವಣೆಯ ಲೆಕ್ಕದಲ್ಲಿ ನೋಡುವವರು ಈ ಸಂಗತಿಯನ್ನು ಗಮನಿಸುವುದು ಕಡಿಮೆ.

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರಗಳಲ್ಲಿ ಅಡಿಕೆ ತೋಟವೇ ನೆಲೆಯ ಕೇಂದ್ರ. ತೋಟದ ಗೊಬ್ಬರಕ್ಕೆ ಎಕರೆಗೆ ಒಂಬತ್ತು ಎಕರೆವರೆಗೆ ಸೊಪ್ಪಿನಬೆಟ್ಟದ ಸವಲತ್ತು ಇತ್ತು. ಕಾಡಿನ ಅಂಚು ಪ್ರತಿ ಮನೆಯ ಹಿತ್ತಿಲಾಗಿದ್ದ ಈ ಸೀಮೆಯಲ್ಲೇ 1983ರಲ್ಲಿ ಮರಗಳನ್ನು ಅಪ್ಪಿ ಕಾಡು ಉಳಿಸುವ ಅಪ್ಪಿಕೋ ಚಳವಳಿ ಹುಟ್ಟಿತು.

ಕೊಡಗಿನ ಐನ್‌ಮನೆ

ಕೊಡವರ ನೆಲೆಯ ಮೂಲ ಐನ್‌ಮನೆ, ಅಂದರೆ ಒಕ್ಕದ ಹಿರಿಮನೆ. ಒಕ್ಕಗಳು ಸೇರಿ ಊರು, ಊರುಗಳು ಸೇರಿ ನಾಡು. ಊರಿಗೂ ನಾಡಿಗೂ ಮುಖ್ಯಸ್ಥರಾಗಿ ತಕ್ಕರು. ಹಬ್ಬದ ದಿನ ಎಲ್ಲರೂ ಕೂಡುವುದು ಮಂದಿನಲ್ಲಿ, ಅಂದರೆ ಊರ ಬಯಲಲ್ಲಿ. ಸೈನಿಕ ಸೇವೆಗೆ ಪ್ರತಿಯಾಗಿ ಬಂದ ಜಮ್ಮಾ ಭೂಮಿ ಒಕ್ಕದ್ದೇ ಹೊರತು ವ್ಯಕ್ತಿಯದಲ್ಲ. ಶ್ರೀನಿವಾಸ್ 1952ರಲ್ಲಿ ಪ್ರಕಟಿಸಿದ ಕೊಡವರ ಅಧ್ಯಯನ ಈ ಒಕ್ಕವನ್ನೇ ಕೇಂದ್ರವಾಗಿಟ್ಟುಕೊಂಡಿದೆ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡ ಮೇಲೆ ಕಾಫಿ ಬಂತು. ಸೌದೆ, ಮೇವಿಗಿದ್ದ ಬಾಣೆ ಜಾಗಗಳೂ ಕಾಲಕ್ರಮದಲ್ಲಿ ತೋಟವಾದವು. ಯರವ, ಕುರುಬ ಕುಟುಂಬಗಳು ತೋಟದ ಲೈನುಮನೆಗಳಲ್ಲಿ ಸಿಕ್ಕಿಕೊಂಡವು. ತಾವು ಮೊದಲಿನಿಂದ ಇದ್ದ ನೆಲದಲ್ಲೇ ಅವರಿಗೆ ಮನೆಯ ಹಕ್ಕಿಲ್ಲದಿರುವುದು ಆ ಜಿಲ್ಲೆಯ ಬಹುದೊಡ್ಡ ಬಾಕಿ ಲೆಕ್ಕ.

1952ರಲ್ಲಿ ಕೊಡಗಿಗೆ 24 ಸ್ಥಾನಗಳ ಸ್ವಂತ ವಿಧಾನಸಭೆ ಇತ್ತು. ಸಿ.ಎಂ. ಪೂಣಚ್ಚನವರ ನೇತೃತ್ವದ ಕಾಂಗ್ರೆಸ್ ಗೆದ್ದಿತು. ಮೈಸೂರಿನೊಡನೆ ವಿಲೀನ ಬೇಡವೆಂದ ತಕ್ಕಡಿ ಪಕ್ಷವೂ ಗಣನೀಯ ಸ್ಥಾನ ಪಡೆಯಿತು. ಇಂದು ಆ ಜಿಲ್ಲೆಗೆ ರಾಜ್ಯ ವಿಧಾನಸಭೆಯಲ್ಲಿ ಇರುವುದು ಮಡಿಕೇರಿ, ವಿರಾಜಪೇಟೆ ಎಂಬ ಎರಡು ಕ್ಷೇತ್ರಗಳು. ಚದುರಿದ ವಸತಿಯ ನಾಡುಗಳು ಜನಸಂಖ್ಯೆಯ ಲೆಕ್ಕದಲ್ಲಿ ಸೋಲುತ್ತವೆ ಎಂಬ ಅಸಮಾಧಾನ ಸ್ವಾಯತ್ತತೆಯ ಬೇಡಿಕೆಯಾಗಿ ಆಗಾಗ ಮರಳುತ್ತದೆ. 1993ರ ಪಂಚಾಯತ್ ರಾಜ್ ಕಾಯ್ದೆ ಇದನ್ನು ಸ್ವಲ್ಪ ಮಟ್ಟಿಗೆ ಒಪ್ಪಿಕೊಂಡಿದೆ: ಬಯಲಿನಲ್ಲಿ ಗ್ರಾಮ ಪಂಚಾಯಿತಿಗೆ ಐದರಿಂದ ಏಳು ಸಾವಿರ ಜನ ಬೇಕೆಂದರೆ, ಮಲೆನಾಡು ಕರಾವಳಿಯ ಜಿಲ್ಲೆಗಳಲ್ಲಿ 2,500 ಸಾಕು.

ಮುಳುಗಿದ ಊರು, ಹೊಸ ಕ್ಯಾಂಪು

ಸ್ವಾತಂತ್ರ್ಯದ ನಂತರದ ಅಣೆಕಟ್ಟುಗಳು ಜನವಸತಿಯನ್ನು ಮತ್ತೆ ಬರೆದವು. ತುಂಗಭದ್ರಾ ನೀರು 1953ರಿಂದ ಹರಿದಾಗ ಒಣಬೇಸಾಯವೇ ಗೊತ್ತಿದ್ದ ರಾಯಚೂರು ಸೀಮೆಯ ರೈತರಲ್ಲಿ ಅನೇಕರು ಭೂಮಿ ಮಾರಿದರು. ಕೃಷ್ಣಾ, ಗೋದಾವರಿ ಮುಖಜ ಭೂಮಿಯ ಭತ್ತದ ಬೇಸಾಯ ಬಲ್ಲ ತೆಲುಗು ರೈತರು ಕೊಂಡು, ಸಿಂಧನೂರು, ಗಂಗಾವತಿ, ಸಿರುಗುಪ್ಪಗಳಲ್ಲಿ ಕ್ಯಾಂಪುಗಳನ್ನು ಕಟ್ಟಿದರು. ಹಳೆಯ ಊರು ದಿನ್ನೆಯ ಮೇಲೆ, ಹೊಸ ಕ್ಯಾಂಪು ಕಾಲುವೆಯ ದಂಡೆಯಲ್ಲಿ. ಅಲ್ಲಿನ ಅಕ್ಕಿ ಗಿರಣಿ, ಸಾಲ, ಚುನಾವಣೆ ಮೂರರಲ್ಲೂ ಈ ಎರಡು ನೆಲೆಗಳ ನಡುವಿನ ಲೆಕ್ಕಾಚಾರ ಕೆಲಸ ಮಾಡುತ್ತದೆ. ಪೂರ್ವ ಬಂಗಾಳದ ನಿರಾಶ್ರಿತರಿಗೂ ಸಿಂಧನೂರಿನಲ್ಲಿ ಪುನರ್ವಸತಿ ಕ್ಯಾಂಪುಗಳು ಆದವು. ಬೈಲಕುಪ್ಪೆ, ಮುಂಡಗೋಡಗಳಲ್ಲಿ 1960ರ ದಶಕದಲ್ಲಿ ಟಿಬೆಟನ್ನರೂ, 1964ರ ಭಾರತ–ಶ್ರೀಲಂಕಾ ಒಪ್ಪಂದದ ನಂತರ ಸುಳ್ಯದ ರಬ್ಬರ್ ತೋಟಗಳಲ್ಲಿ ಶ್ರೀಲಂಕಾದಿಂದ ಮರಳಿದ ತಮಿಳರೂ ನೆಲೆಸಿದರು.

ಮುಳುಗಡೆಯ ನೋವು ಕೂಡ ವಸತಿಯ ರೂಪಕ್ಕೆ ತಕ್ಕಂತೆ ಬೇರೆಯಾಯಿತು. ಆಲಮಟ್ಟಿಯ ಹಿನ್ನೀರಿಗೆ ಸಿಕ್ಕ ಊರುಗಳು ಊರಾಗಿಯೇ ಪುನರ್ವಸತಿ ಕೇಂದ್ರಗಳಿಗೆ ಹೋದವು. ಬಾಗಲಕೋಟೆಗೆ ನವನಗರ ಬಂತು. ಪರಿಹಾರಕ್ಕೆ ಊರೇ ದನಿಯೆತ್ತಿತು. 1964ರ ಲಿಂಗನಮಕ್ಕಿ ಜಲಾಶಯದಲ್ಲಿ ಮುಳುಗಿದ್ದು ಶರಾವತಿ ಕಣಿವೆಯ ಒಂಟಿಮನೆಗಳು. ಒಬ್ಬೊಬ್ಬರೂ ಒಂದೊಂದು ಕಾಡಿನಂಚಿಗೆ ಚೆಲ್ಲಾಪಿಲ್ಲಿಯಾದರು. ನಾಡಿಗೆ ಬೆಳಕು ಕೊಟ್ಟ ಆ ಕುಟುಂಬಗಳಲ್ಲಿ ಎಷ್ಟೋ ಇಂದಿಗೂ ಅರಣ್ಯ ಕಾಯ್ದೆಯ ಕೆಳಗೆ ಭೂಮಿಯ ಹಕ್ಕುಪತ್ರಕ್ಕೆ ಅಲೆಯುತ್ತಿವೆ.

ಕಡತದಲ್ಲಿಲ್ಲದ ಊರುಗಳು

ಕುರಿ ದನ ಕಾಯುತ್ತ ಬಯಲಿನ ಹೊರವಲಯದಲ್ಲಿ ನಿಂತ ಕಾಡುಗೊಲ್ಲರ ಹಟ್ಟಿಗಳು ಚಿತ್ರದುರ್ಗ, ತುಮಕೂರು ಸೀಮೆಯಲ್ಲಿ ಹೆಚ್ಚು. ಊರಿನಿಂದ ದೂರವಿದ್ದುದರಿಂದ ಜುಂಜಪ್ಪ, ಎತ್ತಪ್ಪರ ಕಾವ್ಯಗಳು ಅಲ್ಲಿ ಉಳಿದವು. ಮುಟ್ಟಾದ, ಹೆರಿಗೆಯಾದ ಹೆಣ್ಣುಮಕ್ಕಳನ್ನು ಹಟ್ಟಿಯ ಹೊರಗಿಡುವ ಕ್ರೂರ ಕಟ್ಟಳೆಯೂ ಉಳಿಯಿತು. ಲಂಬಾಣಿ ತಾಂಡಾಗಳು ಸರಕು ಸಾಗಿಸುವ ಕಸುಬು ರೈಲಿನಿಂದ ಕುಸಿದ ಮೇಲೆ ಗುಡ್ಡದಂಚಿನಲ್ಲಿ ಕಾಯಂ ಆದವು. ಕರಾವಳಿಯ ಕೊರಗರ ಕೊಪ್ಪಗಳು ಇನ್ನೂ ಚಿಕ್ಕವು, ಇನ್ನೂ ದೂರ. ಅವರನ್ನು ಹೀನಾಯವಾಗಿ ಬಳಸುತ್ತಿದ್ದ ಅಜಲು ಪದ್ಧತಿಯನ್ನು 2000ದಲ್ಲಿ ಕಾಯ್ದೆ ನಿಷೇಧಿಸಿತು.

ಈ ನೆಲೆಗಳಿಗೆ ಸಮಾನವಾದ ಕೊರತೆಯೊಂದಿದೆ: ಕಂದಾಯ ಗ್ರಾಮವೆಂಬ ಮನ್ನಣೆ. ಅದಿಲ್ಲದೆ ಮನೆಗೆ ಹಕ್ಕುಪತ್ರವಿಲ್ಲ, ಅದರ ಮೇಲೆ ಬ್ಯಾಂಕು ಸಾಲವಿಲ್ಲ. ರಸ್ತೆ, ನೀರು ಸಿಗುವುದು ಯಾರದೋ ಕೃಪೆಯಿಂದ. ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯಿಂದ ತಾಂಡಾ, ಹಟ್ಟಿಗಳನ್ನು ಕಂದಾಯ ಗ್ರಾಮ ಮಾಡುವ ದಾರಿ ತೆರೆಯಿತು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಪ್ರಧಾನಿಯ ಕೈಯಿಂದ ಹಕ್ಕುಪತ್ರ ವಿತರಣೆ ನಡೆಯಿತು. ಚುನಾವಣೆಗೆ ಕೆಲವೇ ತಿಂಗಳ ಮೊದಲು ನಡೆದ ಆ ಸಮಾರಂಭದ ಶ್ರೇಯಸ್ಸಿಗಾಗಿ ಪಕ್ಷಗಳು ಜಗಳಾಡಿದವು. ಶತಮಾನಗಳ ಕಾಲ ಲೆಕ್ಕಕ್ಕಿಲ್ಲದಿದ್ದ ನೆಲೆಗಳು ಈಗ ಜಗಳಾಡುವಷ್ಟು ಬೆಲೆಯುಳ್ಳವಾಗಿವೆ.

ಬೆಂಗಳೂರಿನೊಳಗಿನ ಹಳ್ಳಿಗಳು

ನಗರವೂ ಈ ಚರಿತ್ರೆಯ ಹೊರಗಿಲ್ಲ. ಬೆಂಗಳೂರಿನಲ್ಲಿ ಕೆಂಪೇಗೌಡರ ಪೇಟೆ ಕಸುಬಿನ ಕೇರಿಗಳಾಗಿ ಬೆಳೆಯಿತು. 1809ರಲ್ಲಿ ಹುಟ್ಟಿದ ದಂಡು ಪ್ರದೇಶಕ್ಕೆ ತಮಿಳು, ತೆಲುಗು, ಉರ್ದು ಮಾತಿನ ಜನ ಬಂದರು. 1949ರವರೆಗೆ ಎರಡಕ್ಕೂ ಬೇರೆ ಬೇರೆ ಪೌರಾಡಳಿತ. 1960ರ ದಶಕದಿಂದ ಬೆಳೆದ ಕನ್ನಡ ಚಳವಳಿಯ ಬಿಸಿ ಹೆಚ್ಚಾಗಿ ಕಂಡದ್ದು ಈ ಎರಡು ನಗರಗಳು ಕೂಡುವ ಅಂಚಿನಲ್ಲಿ.

2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ 110 ಹಳ್ಳಿಗಳು ನಗರಕ್ಕೆ ಸೇರಿದವು. ಆ ಹಳ್ಳಿಗಳ ಗ್ರಾಮಠಾಣ, ಕೆರೆ, ರಾಜಕಾಲುವೆ, ಗೋಮಾಳಗಳ ಮೇಲೆ ಅಪಾರ್ಟ್‌ಮೆಂಟುಗಳು ಎದ್ದಿವೆ. ಹಳೆಯ ಗೌಡರ ಮನೆತನಗಳು ಭೂಮಿ ಮಾರಿ, ಗುತ್ತಿಗೆ ಹಿಡಿದು, ವಾರ್ಡಿನ ರಾಜಕಾರಣಕ್ಕೆ ಇಳಿದಿವೆ. ಮಾರಮ್ಮನ ಹಬ್ಬಕ್ಕೆ ವಂತಿಗೆ ಎತ್ತುವವರೂ ಅವರೇ. ಹೊಸ ಬಡಾವಣೆಯ ನಿವಾಸಿಗಳು ಕ್ಷೇಮಾಭಿವೃದ್ಧಿ ಸಂಘಗಳ ಮೂಲಕ ನ್ಯಾಯಾಲಯಕ್ಕೂ ಪತ್ರಿಕೆಗೂ ಹೋಗುತ್ತಾರೆ, ಮತಗಟ್ಟೆಗೆ ಹೋಗುವವರು ಕಡಿಮೆ. ಇಲ್ಲಿ ಕೆರೆಗಳು ಬತ್ತಿ ಕೊಳವೆಬಾವಿಗಳೂ ಸೋತವು. ನೂರು ಕಿಲೋಮೀಟರಿನಷ್ಟು ದೂರದ ಕಾವೇರಿಯಿಂದ ಈ 110 ಹಳ್ಳಿಗಳಿಗಾಗಿಯೇ ರೂಪಿಸಿದ ಐದನೇ ಹಂತದ ನೀರಿನ ಯೋಜನೆಗೆ 2024ರ ಅಕ್ಟೋಬರ್‌ನಲ್ಲಿ ಚಾಲನೆ ಸಿಕ್ಕಿತು.